ಕ್ಯಾಮೆರಾ ಡ್ರೋನಿನ ತೋಳು ಬಾಗಿದರೆ ಅಪಾಯವೇ? ಬಿರುಕು ಹುಟ್ಟುವುದು ಎಲ್ಲಿ, ಏಕೆ?

2025ರ ಸೆಪ್ಟೆಂಬರಿನಲ್ಲಿ ಡ್ರೋನುಗಳ ಬಗ್ಗೆ ಬಂದ ಎರಡು ಸುದ್ದಿಗಳು ಒಂದಕ್ಕೊಂದು ಎದುರು ದಿಕ್ಕಿಗೆ ಎಳೆಯುವಂತೆ ಕಂಡವು. ಡ್ರೋನುಗಳ ಮೇಲೆ ಅದುವರೆಗೆ ಶೇಕಡಾ 18 ಮತ್ತು 28ರ ಹಂತಗಳಲ್ಲಿದ್ದ ಜಿಎಸ್‌ಟಿಯನ್ನು ಆ ತಿಂಗಳ 22ರಿಂದ ಶೇಕಡಾ 5ಕ್ಕೆ ಇಳಿಸಲಾಯಿತು. ಅದೇ ತಿಂಗಳು ನಾಗರಿಕ ವಿಮಾನಯಾನ ಸಚಿವಾಲಯವು ನಾಗರಿಕ ಡ್ರೋನ್ ಮಸೂದೆಯ ಕರಡನ್ನು ಸಾರ್ವಜನಿಕ ಅಭಿಪ್ರಾಯಕ್ಕೆ ಬಿಟ್ಟು, ನೋಂದಣಿ, ಮಾದರಿ ಪ್ರಮಾಣಪತ್ರ (ಒಂದು ಮಾದರಿಯ ಡ್ರೋನನ್ನು ಪರೀಕ್ಷಿಸಿ ಕೊಡುವ ಒಪ್ಪಿಗೆ), ವಿಮೆ ಇವೆಲ್ಲ ಇನ್ನು ಮುಂದೆ ಬಿಗಿಯಾಗಲಿವೆ ಎಂಬ ಸೂಚನೆ ಕೊಟ್ಟಿತು. ಕೊಳ್ಳುವುದು ಸುಲಭವಾಯಿತೋ, ಹಾರಿಸುವುದು ಕಷ್ಟವಾಯಿತೋ ಎಂಬ ಗೊಂದಲದ ನಡುವೆ ಇನ್ನೊಂದು ಪ್ರಶ್ನೆಯೂ ಎದ್ದಿದೆ: ಈಗಾಗಲೇ ಕೈಯಲ್ಲಿರುವ ಹಳೆಯ ಡ್ರೋನು ಗಟ್ಟಿಯಾಗಿದೆಯೇ?

ಕಾಸರಗೋಡಿನ ಮಟ್ಟಿಗೆ ಈ ಪ್ರಶ್ನೆ ಬಹಳ ಹತ್ತಿರದ್ದು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆಗಳಲ್ಲಿ ಮದುವೆ, ದೇವಸ್ಥಾನದ ಜಾತ್ರೆ, ತೆಯ್ಯಂ, ಯಕ್ಷಗಾನದ ಬಯಲಾಟ, ರಾಷ್ಟ್ರೀಯ ಹೆದ್ದಾರಿ 66ರ ತಲಪಾಡಿ–ಚೆಂಗಳ ಭಾಗ ಹೀಗೆ ಎಲ್ಲದರ ಮೇಲೂ ಪುಟ್ಟ ಕ್ಯಾಮೆರಾ ಡ್ರೋನುಗಳು ಹಾರುತ್ತವೆ. ಹೊರದೇಶದಲ್ಲಿ ತಯಾರಾದ ಡ್ರೋನುಗಳ ಆಮದನ್ನು ಕೇಂದ್ರ ಸರಕಾರ 2022ರ ಫೆಬ್ರವರಿ 9ರಂದು ನಿಷೇಧಿಸಿತು. ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಕ್ಕೆ ಮಾತ್ರ ವಿನಾಯಿತಿ ಇತ್ತು. ಬಿಡಿಭಾಗಗಳ ಆಮದಿಗೆ ಮಾತ್ರ ತಡೆ ಹಾಕಲಿಲ್ಲ. ಪರಿಣಾಮವಾಗಿ, ಬೇರೆ ದೇಶಗಳಲ್ಲಿ ಎರಡು ಮೂರು ವರ್ಷಕ್ಕೆ ಮೂಲೆ ಸೇರುವ ಯಂತ್ರಗಳು ಇಲ್ಲಿ ತೋಳು (ಮೋಟಾರನ್ನು ಹಿಡಿದಿರುವ ಕಡ್ಡಿ) ಬದಲಾಯಿಸಿಕೊಂಡು, ಹೊದಿಕೆ ಬದಲಾಯಿಸಿಕೊಂಡು, ಕೈಯಿಂದ ಕೈಗೆ ದಾಟುತ್ತ ಬದುಕುತ್ತಿವೆ. ತೋಳನ್ನು ಬೆರಳಿನಿಂದ ಒತ್ತಿದರೆ ಬಳುಕುವುದನ್ನು ಕಂಡು ಕೆಲವರು ಹೆದರುತ್ತಾರೆ, ಕೂದಲೆಳೆಯಂಥ ಬಿರುಕನ್ನು ಕಂಡೂ ಕೆಲವರು ಹೆದರುವುದಿಲ್ಲ. ಈ ಎರಡೂ ಪ್ರತಿಕ್ರಿಯೆಗಳು ತಲೆಕೆಳಗಾಗಿವೆ ಎಂಬುದೇ ಈ ಲೇಖನದ ವಾದ.

ಬಾಗುವುದು ಬೇರೆ, ದಣಿಯುವುದು ಬೇರೆ

ಯಾವ ವಸ್ತುವಿನ ಮೇಲೆ ಭಾರ ಬಿದ್ದರೂ ಅದು ಒಂದಿಷ್ಟು ಬಾಗುತ್ತದೆ. ಭಾರ ತೆಗೆದಾಗ ಮೊದಲಿನ ಆಕಾರಕ್ಕೆ ಮರಳಿದರೆ ಅದರಲ್ಲಿ ದೋಷವೇನೂ ಇಲ್ಲ. ಎಷ್ಟು ಬಾಗುತ್ತದೆ ಎಂಬುದನ್ನು ವಸ್ತುವಿನ ಬಿಗುವು ಮತ್ತು ಭಾಗದ ಆಕಾರ ಎರಡೂ ಸೇರಿ ನಿರ್ಧರಿಸುತ್ತವೆ. ಬಿಗುವನ್ನು ಅಳೆಯುವ ಯಂಗ್ ಗುಣಾಂಕವು ಉಕ್ಕಿಗೆ ಸುಮಾರು 200 ಗಿಗಾಪಾಸ್ಕಲ್, ಅಲ್ಯೂಮಿನಿಯಮ್ಮಿಗೆ 70, ಮೆಗ್ನೀಸಿಯಂ ಮಿಶ್ರಲೋಹಕ್ಕೆ 45ರ ಆಸುಪಾಸು. ಡ್ರೋನಿನ ಹೊದಿಕೆಗೆ ಬಳಸುವ ಪಾಲಿಕಾರ್ಬನೇಟ್ ಪ್ಲಾಸ್ಟಿಕ್ಕಿಗೆ ಬರೇ 2.4ರಷ್ಟು. ಹಾಗಾಗಿ ಪ್ಲಾಸ್ಟಿಕ್ ತೋಳು ಕೈಗೆ ಬಳುಕುವುದು ಸಹಜ.

ದಣಿವು, ಅಂದರೆ ಎಂಜಿನಿಯರುಗಳು ಫಟೀಗ್ ಎಂದು ಕರೆಯುವುದು, ಬೇರೆಯೇ ಸಂಗತಿ. ಒಂದು ಸಲಕ್ಕೆ ಏನೂ ಮಾಡದ ಸಣ್ಣ ಒತ್ತಡವೇ ಲಕ್ಷಾಂತರ ಸಲ ಬಂದು ಹೋದಾಗ ವಸ್ತುವಿನೊಳಗೆ ಸೂಕ್ಷ್ಮ ಬಿರುಕು ಹುಟ್ಟಿ, ಪ್ರತಿ ಸಲವೂ ಇಷ್ಟಿಷ್ಟೇ ಬೆಳೆದು, ಕೊನೆಗೊಂದು ದಿನ ಮಾಮೂಲಿ ಭಾರಕ್ಕೇ ಮುರಿಯುತ್ತದೆ. ಜರ್ಮನಿಯ ಆಗಸ್ಟ್ ವೋಲರ್ 19ನೆಯ ಶತಮಾನದ ಮಧ್ಯದಲ್ಲಿ ರೈಲಿನ ಅಚ್ಚುಗಳ ಮೇಲೆ ಪ್ರಯೋಗ ನಡೆಸಿ, ಒತ್ತಡದ ಮಟ್ಟಕ್ಕೂ ಅದು ಮರುಕಳಿಸುವ ಸಂಖ್ಯೆಗೂ ಇರುವ ಸಂಬಂಧವನ್ನು ತೋರಿಸಿದರು. ಉಕ್ಕಿಗೆ ಒಂದು ಸುರಕ್ಷಿತ ಮಟ್ಟವಿದೆ, ಅದಕ್ಕಿಂತ ಕೆಳಗಿನ ಒತ್ತಡವನ್ನು ಅದು ಬಹುಮಟ್ಟಿಗೆ ಎಷ್ಟು ಸಲ ಬೇಕಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಮ್ಮಿಗೂ ತಾಮ್ರಕ್ಕೂ ಅಂಥ ಸ್ಪಷ್ಟ ಗಡಿ ಇಲ್ಲ. ಪ್ಲಾಸ್ಟಿಕ್ಕುಗಳಲ್ಲೂ ಅದನ್ನು ನಂಬುವಂತಿಲ್ಲ.

1954ರಲ್ಲಿ ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನಗಳೆರಡು ಗಾಳಿಯಲ್ಲೇ ಒಡೆದು ಬಿದ್ದಾಗ, ತನಿಖೆಗಾರರು ಅದೇ ಬಗೆಯ ಇನ್ನೊಂದು ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು ಮತ್ತೆ ಮತ್ತೆ ಒತ್ತಡ ಕೊಟ್ಟು ಪರೀಕ್ಷಿಸಿದರು. ಒಡಲು ಸೀಳಿದ್ದು ಚಪ್ಪಟೆಯಾದ ನಡುಭಾಗದಲ್ಲಲ್ಲ, ಕಿಂಡಿಯ ಮೂಲೆಯಲ್ಲಿ. ತೂತು, ಮೂಲೆ, ಕೀಲು ಇರುವಲ್ಲಿ ಒತ್ತಡ ಒಟ್ಟಾಗುತ್ತದೆ ಎಂಬ ಆ ಪಾಠ, 250 ಗ್ರಾಮಿನ ಡ್ರೋನಿಗೂ ಹಾಗೆಯೇ ಅನ್ವಯಿಸುತ್ತದೆ.

ಒಂದು ತೋಳಿನ ಲೆಕ್ಕ

ಲೆಕ್ಕವನ್ನು ಕಣ್ಣಮುಂದೆ ಇಟ್ಟುಕೊಂಡರೆ ಭಯ ಎಲ್ಲಿರಬೇಕು ಎಂಬುದು ತಿಳಿಯಾಗುತ್ತದೆ. 250 ಗ್ರಾಮಿನ ಡ್ರೋನು ಒಂದೇ ಜಾಗದಲ್ಲಿ ತೇಲುತ್ತಿದೆ ಎಂದುಕೊಳ್ಳೋಣ. ನಾಲ್ಕು ತೋಳುಗಳಿಗೆ ಭಾರ ಹಂಚಿದರೆ ಒಂದೊಂದಕ್ಕೆ 62 ಗ್ರಾಮಿನಷ್ಟು, ಅಂದರೆ 0.6 ನ್ಯೂಟನ್ ಬಲ. ತೋಳು 10 ಸೆಂಟಿಮೀಟರ್ ಉದ್ದದ, ಒಂದು ಸೆಂಟಿಮೀಟರ್ ಚದರದ, ಒಂದೂವರೆ ಮಿಲಿಮೀಟರ್ ದಪ್ಪ ಗೋಡೆಯ ಟೊಳ್ಳು ಪಾಲಿಕಾರ್ಬನೇಟ್ ಕೊಳವೆ ಎಂದಿಟ್ಟುಕೊಂಡರೆ, ಅದರ ಬುಡದಲ್ಲಿ ಉಂಟಾಗುವ ಒತ್ತಡ ಹೆಚ್ಚುಕಡಿಮೆ ಅರ್ಧ ಮೆಗಾಪಾಸ್ಕಲ್ (ಒತ್ತಡದ ಅಳತೆ, ಗಿಗಾಪಾಸ್ಕಲಿನ ಸಾವಿರದಲ್ಲೊಂದು). ತುದಿ ಬಾಗುವುದು ಒಂದು ಮಿಲಿಮೀಟರಿನ ಏಳರಲ್ಲೊಂದು ಭಾಗದಷ್ಟು.

ಪಾಲಿಕಾರ್ಬನೇಟು ಸೋಲುವುದು ಸುಮಾರು 60 ಮೆಗಾಪಾಸ್ಕಲಿನಲ್ಲಿ. ಮರುಮರು ಒತ್ತಡದಿಂದ ಆ ಶಕ್ತಿ ಹತ್ತರಲ್ಲೊಂದು ಪಾಲಿಗೆ ಇಳಿದುಬಿಡುತ್ತದೆ ಎಂದು ತೀರ ಕಟ್ಟುನಿಟ್ಟಾಗಿ ಎಣಿಸಿದರೂ 6 ಮೆಗಾಪಾಸ್ಕಲ್ ಉಳಿಯುತ್ತದೆ. ಮೋಟಾರುಗಳು ಪೂರ್ತಿ ಶಕ್ತಿಯಲ್ಲಿ ತಿರುಗಿ ಬಲ ಇಮ್ಮಡಿಯಾದರೂ ನಮ್ಮ ತೋಳಿನ ಮೇಲಿನ ಒತ್ತಡ ಒಂದು ಮೆಗಾಪಾಸ್ಕಲ್ ಮಾತ್ರ. ಅಲ್ಲದೆ, ತೇಲುವಾಗಿನ ಈ ಭಾರ ಬಹುಮಟ್ಟಿಗೆ ಸ್ಥಿರವಾದದ್ದು. ಪ್ರತಿ ಸುತ್ತಿಗೆ ಏರಿಳಿಯುವ ಭಾಗ ಅದರ ಒಂದು ಚೂರು ಮಾತ್ರ. ನೇರ ಹಾರಾಟದಿಂದಲೇ ತೋಳಿನ ನಡುಭಾಗ ದಣಿದು ಮುರಿಯುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಆದರೆ ಇದೇ ಲೆಕ್ಕದಲ್ಲಿ ಎಚ್ಚರಿಕೆಯೂ ಇದೆ. ಸ್ಕ್ರೂ ತೂತು ಅಥವಾ ಚೂಪು ಮೂಲೆಯಿರುವಲ್ಲಿ ಒತ್ತಡ ಸುಲಭವಾಗಿ ಮೂರು ಪಟ್ಟಾಗುತ್ತದೆ. ಒಂದು ಮೂರಾಯಿತು. ಅಲ್ಲಿಗೆ ಸ್ಕ್ರೂವನ್ನು ಅತಿಯಾಗಿ ಬಿಗಿದ ಒತ್ತಡ ಸೇರಿದರೆ, ಹಿಂದೊಮ್ಮೆ ಬಿದ್ದಾಗ ಹುಟ್ಟಿದ ಕಣ್ಣಿಗೆ ಕಾಣದ ಬಿರುಕು ಸೇರಿದರೆ, ಉಳಿದಿದ್ದ ಅಂತರ ಕರಗಿಹೋಗುತ್ತದೆ. ಆಮೇಲೆ ಆವರ್ತನೆಗಳ ಸಂಖ್ಯೆ ತನ್ನ ಕೆಲಸ ಶುರುಮಾಡುತ್ತದೆ. ಮೋಟಾರು ನಿಮಿಷಕ್ಕೆ 9,000 ಸುತ್ತು ತಿರುಗಿದರೆ ಸೆಕೆಂಡಿಗೆ 150 ಕಂಪನ. ಅರ್ಧ ಗಂಟೆಯ ಹಾರಾಟಕ್ಕೆ 2,70,000. ನೂರು ಗಂಟೆಗೆ ಐದು ಕೋಟಿ ದಾಟುತ್ತದೆ. ಬಿರುಕಿಲ್ಲದ ತೋಳಿಗೆ ಈ ಸಂಖ್ಯೆ ಲೆಕ್ಕಕ್ಕಿಲ್ಲ, ಬಿರುಕಿರುವ ತೋಳಿಗೆ ಇದೇ ಆಯುಷ್ಯವನ್ನು ನಿರ್ಧರಿಸುವ ಸಂಖ್ಯೆ.

ಬಿಗಿ ಚೌಕಟ್ಟು ಒಳ್ಳೆಯದೇ?

ರೇಸಿಂಗ್ ಡ್ರೋನುಗಳನ್ನು ತಾವೇ ಕಟ್ಟುವವರ ನಿಲುವು ಸ್ಪಷ್ಟವಾಗಿದೆ: ಚೌಕಟ್ಟು ಬಿಗಿಯಾದಷ್ಟೂ ಒಳ್ಳೆಯದು, ಕಾರ್ಬನ್ ಫೈಬರಿಗಿಂತ ಕಡಿಮೆಯದು ಬೇಡ. ಅವರ ಮಟ್ಟಿಗೆ ಇದು ಸರಿಯೇ. ಡ್ರೋನಿನೊಳಗಿನ ಜೈರೋಸ್ಕೋಪು ಸೆಕೆಂಡಿಗೆ ಸಾವಿರಾರು ಸಲ ಚಲನೆಯನ್ನು ಅಳೆಯುತ್ತದೆ, ಅದರ ಆಧಾರದ ಮೇಲೆ ನಿಯಂತ್ರಕ (ಡ್ರೋನಿನೊಳಗಿನ ಪುಟ್ಟ ಕಂಪ್ಯೂಟರು) ಮೋಟಾರಿನ ವೇಗವನ್ನು ತಿದ್ದುತ್ತಿರುತ್ತದೆ. ತೋಳು ನಡುಗಿದರೆ ನಿಯಂತ್ರಕ ಆ ನಡುಕವನ್ನೇ ಡ್ರೋನಿನ ಚಲನೆಯೆಂದು ಭಾವಿಸಿ ತಿದ್ದುಪಡಿ ಕಳಿಸುತ್ತದೆ, ಆ ತಿದ್ದುಪಡಿ ನಡುಕವನ್ನು ಇನ್ನಷ್ಟು ಹೆಚ್ಚಿಸಬಹುದು. ತನ್ನ ಭಾರದ ಅನೇಕ ಪಟ್ಟು ಎತ್ತುಬಲವಿರುವ, ಕ್ಷಣಾರ್ಧದಲ್ಲಿ ಮಗುಚಿ ತಿರುಗಬೇಕಾದ ರೇಸಿಂಗ್ ಯಂತ್ರದಲ್ಲಿ ಇದನ್ನು ಸಹಿಸಲಾಗುವುದಿಲ್ಲ.

ಕ್ಯಾಮೆರಾ ಡ್ರೋನಿನ ಕೆಲಸ ಬೇರೆ. ಅದು ನಿಧಾನ ಹಾರುತ್ತದೆ, ನಿಯಂತ್ರಣವನ್ನು ಮೃದುವಾಗಿ ಹೊಂದಿಸಲಾಗಿರುತ್ತದೆ, ನಿರ್ದಿಷ್ಟ ಕಂಪನಗಳನ್ನು ಸೋಸುವ ವ್ಯವಸ್ಥೆಯನ್ನು ತಯಾರಕರು ತಂತ್ರಾಂಶದಲ್ಲೇ ಅಳವಡಿಸಿರುತ್ತಾರೆ. ಕ್ಯಾಮೆರಾ ಕೂಡ ಚೌಕಟ್ಟಿಗೆ ನೇರವಾಗಿ ಕಚ್ಚಿಕೊಂಡಿರುವುದಿಲ್ಲ. ರಬ್ಬರಿನ ಗುಂಡುಗಳ ಮೇಲೆ ಕುಳಿತ, ಗಿಂಬಲ್ ಎಂಬ ಅಲುಗಾಟ ತಡೆಯುವ ಹಿಡಿಕೆ ಅದನ್ನು ಹಿಡಿದುಕೊಂಡಿರುತ್ತದೆ. ಕಾರ್ಬನ್ ಫೈಬರಿಗೆ ತನ್ನದೇ ತೊಡಕೂ ಇದೆ. ಅದು ವಿದ್ಯುತ್ತನ್ನು ಹರಿಸುವ ವಸ್ತುವಾದ್ದರಿಂದ ರೇಡಿಯೊ ಅಲೆಗಳನ್ನು ತಡೆಯುತ್ತದೆ, ಆಂಟೆನಾವನ್ನು ತೋಳಿನೊಳಗೆ ಅಡಗಿಸಿಡುವ ಪುಟ್ಟ ಡ್ರೋನಿಗೆ ಇದು ಸಣ್ಣ ಸಮಸ್ಯೆಯಲ್ಲ.

ಬಾಗುವ ತೋಳಿನ ಪರವಾಗಿ ಇನ್ನೂ ಬಲವಾದ ವಾದವೊಂದಿದೆ. 250 ಗ್ರಾಮಿನ ಡ್ರೋನು ಒಂದು ಮೀಟರ್ ಎತ್ತರದಿಂದ ಮುರಕಲ್ಲಿನ ಅಂಗಳಕ್ಕೆ ಬಿದ್ದಿತೆನ್ನಿ. ಅದರಲ್ಲಿರುವ ಶಕ್ತಿ ಸುಮಾರು ಎರಡೂವರೆ ಜೂಲ್. ಬಿಗಿಯಾದ ಚೌಕಟ್ಟು ಅದನ್ನು ಐದು ಮಿಲಿಮೀಟರಿನಲ್ಲಿ ನಿಲ್ಲಿಸಿದರೆ ಸರಾಸರಿ ಬಲ 490 ನ್ಯೂಟನ್, ಡ್ರೋನಿನ ಸ್ವಂತ ತೂಕದ ಇನ್ನೂರು ಪಟ್ಟು. ಬಳುಕುವ ತೋಳು ಅದೇ ಶಕ್ತಿಯನ್ನು ಇಪ್ಪತ್ತು ಮಿಲಿಮೀಟರಿನಲ್ಲಿ ನುಂಗಿಕೊಂಡರೆ ಬಲ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಬಳುಕುವಿಕೆ ಇಲ್ಲಿ ಗಿಂಬಲನ್ನೂ ಸರ್ಕ್ಯೂಟನ್ನೂ ಕಾಪಾಡುತ್ತದೆ. ಹೀಗಾಗಿ ಅಂಗಡಿಯಲ್ಲಿ ತೋಳನ್ನು ಹಿಂಡಿ ನೋಡಿ, ಬಳುಕದ್ದನ್ನೇ ಆರಿಸುವ ರೂಢಿಯಿಂದ ಪ್ರಯೋಜನವಿಲ್ಲ.

ಒಂದು ವಿಷಯದಲ್ಲಿ ಮಾತ್ರ ಬಾಗುವಿಕೆ ನಿಜವಾಗಿಯೂ ಲೆಕ್ಕಕ್ಕೆ ಬರುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ, ಬಿಗಿಯಾದ ಚೀಲದಲ್ಲಿ ತುಂಬಿಟ್ಟ ಡ್ರೋನಿನ ತೋಳು ದಿನಗಟ್ಟಲೆ ಒಂದೇ ಕಡೆಗೆ ಒತ್ತಿಕೊಂಡಿದ್ದರೆ ಪ್ಲಾಸ್ಟಿಕ್ಕು ನಿಧಾನವಾಗಿ ಆಕಾರ ಬದಲಿಸಿ ಶಾಶ್ವತವಾಗಿ ತಿರುಚಿಕೊಳ್ಳಬಹುದು. ಆಗ ಒಂದು ಮೋಟಾರು ಓರೆಯಾಗಿ ಗಾಳಿಯನ್ನು ತಳ್ಳುತ್ತದೆ, ಡ್ರೋನು ತನ್ನಷ್ಟಕ್ಕೇ ತಿರುಗಲು ನೋಡುತ್ತದೆ, ನಿಯಂತ್ರಕ ಅದನ್ನು ಸತತವಾಗಿ ತಿದ್ದುತ್ತದೆ. ಹೊರಗಿನಿಂದ ಏನೂ ಕಾಣದಿದ್ದರೂ ಒಂದು ಜೋಡಿ ಮೋಟಾರುಗಳು ಹೆಚ್ಚು ದುಡಿಯುತ್ತಿರುತ್ತವೆ, ಬೇಕಲದ ಕೋಟೆಯ ಮೇಲೆ ಕಡಲಗಾಳಿ ಜೋರಾಗಿ ಬೀಸಿದಾಗ ಬಳಸಿಕೊಳ್ಳಲು ಉಳಿದಿರಬೇಕಾದ ಶಕ್ತಿ ಅಷ್ಟು ಕಡಿಮೆಯಾಗಿರುತ್ತದೆ.

ಬಿರುಕು ಹುಟ್ಟುವ ಜಾಗಗಳು

ಮಡಚುವ ಕೊಡೆಯ ಕಡ್ಡಿ ಮಳೆಗಾಲದ ಗಾಳಿಗೆ ಮುರಿಯುವುದು ನಡುವಿನಲ್ಲಲ್ಲ, ರಿವೆಟ್ಟು ಕೂತ ಗಂಟಿನಲ್ಲಿ. ಮಡಚುವ ತೋಳಿನ ಡ್ರೋನೂ ಹಾಗೆಯೇ. ತೋಳು ಒಡಲಿಗೆ ಸೇರುವ ಕೀಲಿನಲ್ಲಿ ಲೋಹದ ಒಂದು ಮೊಳೆ, ಅದನ್ನು ಬಿಗಿಹಿಡಿಯುವ ಒಂದು ಸ್ಪ್ರಿಂಗು, ಬಿಚ್ಚಿದಾಗ ಟಕ್ಕನೆ ಕೂರಿಸುವ ಒಂದು ಹಲ್ಲು ಇರುತ್ತವೆ. ಅವುಗಳ ಸುತ್ತಲಿನ ಪ್ಲಾಸ್ಟಿಕ್ಕು ಉಂಗುರದಂತೆ ತೆಳ್ಳಗಿರುತ್ತದೆ. ತೋಳಿನ ತುದಿಗೆ ಬಿದ್ದ ಪ್ರತಿ ಪೆಟ್ಟೂ ಹತ್ತು ಸೆಂಟಿಮೀಟರ್ ಉದ್ದದ ಸನ್ನೆಯ ಮೂಲಕ ಆ ಉಂಗುರಕ್ಕೆ ತಲುಪುತ್ತದೆ. ಅಡಿಕೆ ತೋಟದ ಸೋಗೆಗೆ ತಾಗಿ ಕೆಳಗೆ ಬಿದ್ದ ಡ್ರೋನಿನ ತೋಳು ಹೊರಗಿನಿಂದ ನೆಟ್ಟಗಿದ್ದರೂ ಈ ಉಂಗುರದಲ್ಲಿ ಕೂದಲೆಳೆಯ ಗೀಟು ಬಂದಿರುವುದುಂಟು.

ಎರಡನೆಯದು, ಮೋಟಾರನ್ನು ಹಿಡಿದಿರುವ ಸ್ಕ್ರೂಗಳ ಬುಡ. ಡಿಜೆಐ ಕಂಪನಿಯ ಫ್ಯಾಂಟಮ್ 2 ಮತ್ತು 3 ಮಾದರಿಗಳ ಕಾಲದಲ್ಲೇ ಬಿಳಿ ಹೊದಿಕೆಯಲ್ಲಿ ಮೋಟಾರಿನ ಸುತ್ತ ಇಂಥ ಬಿರುಕುಗಳನ್ನು ಅನೇಕ ಬಳಕೆದಾರರು ಗುರುತಿಸಿದ್ದರು. ಇಲ್ಲಿ ದುರಸ್ತಿಯೇ ದೋಷವಾಗುವ ಸಂಭವವಿದೆ. ಸ್ಕ್ರೂ ಸಡಿಲಾಗಬಾರದೆಂದು ಹಾಕುವ ಥ್ರೆಡ್‌ಲಾಕರ್ ದ್ರವ ಲೋಹಕ್ಕೆ ತಕ್ಕದ್ದು. ಪಾಲಿಕಾರ್ಬನೇಟಿಗೂ ಎಬಿಎಸ್ ಪ್ಲಾಸ್ಟಿಕ್ಕಿಗೂ ಅದು ಹರಿದರೆ, ಬಿಗಿದ ಸ್ಕ್ರೂವಿನ ಒತ್ತಡದಲ್ಲಿರುವ ಪ್ಲಾಸ್ಟಿಕ್ಕು ಒಳಗಿನಿಂದಲೇ ಸೀಳತೊಡಗುತ್ತದೆ. ಪೆಟ್ರೋಲ್, ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್ ಇವುಗಳಿಂದ ಹೊದಿಕೆ ಒರೆಸಿದರೂ ಅದೇ ಗತಿ. ಬಿರುಕಿಗೆ ಫೆವಿಕ್ವಿಕ್ ಬಗೆಯ ಅಂಟು ಹಚ್ಚಿದಾಗ ಗೀಟು ಮುಚ್ಚಿದಂತೆ ಕಾಣುತ್ತದೆ, ಆದರೆ ಗಟ್ಟಿಯಾದ ಆ ಅಂಟು ಬಾಗುವುದಿಲ್ಲ. ಬಾಗುವ ಪ್ಲಾಸ್ಟಿಕ್ಕಿಗೂ ಬಾಗದ ಅಂಟಿಗೂ ನಡುವಿನ ಅಂಚಿನಲ್ಲಿ ಮುಂದಿನ ಬಿರುಕು ಶುರುವಾಗುತ್ತದೆ.

ಮೂರನೆಯದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ, ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಗಂಭೀರ. ಮೋಟಾರಿಗೆ ಹೋಗುವ ಮೂರು ತಾಮ್ರದ ತಂತಿಗಳು ಕೀಲಿನ ಒಳಗಿನಿಂದಲೇ ಹಾದುಹೋಗುತ್ತವೆ. ಪ್ರತಿ ಹಾರಾಟಕ್ಕೆ ತೋಳು ಒಮ್ಮೆ ಬಿಚ್ಚುತ್ತದೆ, ಒಮ್ಮೆ ಮಡಚುತ್ತದೆ, ಪ್ರತಿ ಸಲವೂ ತಂತಿ ಅದೇ ಜಾಗದಲ್ಲಿ ಬಾಗುತ್ತದೆ. ಮೊದಲೇ ಹೇಳಿದಂತೆ ತಾಮ್ರಕ್ಕೆ ದಣಿವಿನ ಸುರಕ್ಷಿತ ಗಡಿ ಇಲ್ಲ. ತಯಾರಕರು ತೆಳ್ಳನೆಯ ಎಳೆಗಳ ಮೃದು ತಂತಿಯನ್ನು ಬಳಸಿ, ಬಾಗಲು ಜಾಗ ಬಿಟ್ಟಿರುತ್ತಾರೆ. ಆದರೆ ತೋಳು ಬದಲಾಯಿಸುವಾಗ ತಂತಿಯನ್ನು ಎಳೆದು ಬಿಗಿಯಾಗಿ ಬೆಸುಗೆ ಹಾಕಿದರೆ ಆ ಸಡಿಲ ಹೋಗುತ್ತದೆ. ಒಂದೊಂದೇ ಎಳೆ ತುಂಡಾಗುತ್ತ ಬಂದು, ಉಳಿದ ಎಳೆಗಳು ಬಿಸಿಯಾಗಿ, ಕೊನೆಗೊಮ್ಮೆ ಮೋಟಾರು ನಿಲ್ಲುತ್ತದೆ. ನಾಲ್ಕು ಮೋಟಾರುಗಳ ಈ ಬಗೆಯ ಪುಟ್ಟ ಡ್ರೋನಿನಲ್ಲಿ ಒಂದು ನಿಂತರೆ ಸಾಮಾನ್ಯವಾಗಿ ಯಂತ್ರ ತಿರುಗುತ್ತ ನೆಲಕ್ಕೆ ಬೀಳುತ್ತದೆ. ಚೌಕಟ್ಟಿನ ಬಿಗುವಿನ ಬಗ್ಗೆ ನಡೆಯುವ ಎಲ್ಲ ಚರ್ಚೆಯೂ ಈ ಮೂರು ತಂತಿಗಳನ್ನು ಮರೆತೇ ನಡೆಯುತ್ತಿದೆ.

ಬ್ಯಾಟರಿಯ ಕೊಂಡಿಯನ್ನೂ ಇದಕ್ಕೆ ಸೇರಿಸಬೇಕು. ಗೋಪ್ರೊ ಕಂಪನಿ 2016ರಲ್ಲಿ ಬಿಡುಗಡೆ ಮಾಡಿದ ಕರ್ಮ ಡ್ರೋನು ಹಾರುತ್ತಿರುವಾಗಲೇ ವಿದ್ಯುತ್ ಕಳೆದುಕೊಂಡು ಬಿದ್ದ ಪ್ರಕರಣಗಳ ನಂತರ, ಆ ನವೆಂಬರಿನಲ್ಲಿ ಕಂಪನಿ ಸುಮಾರು 2,500 ಡ್ರೋನುಗಳನ್ನು ಹಿಂದಕ್ಕೆ ಕರೆಯಿತು. ದೋಷವಿದ್ದದ್ದು ಬ್ಯಾಟರಿಯನ್ನು ಹಿಡಿದಿಡುವ ಕೊಂಡಿಯಲ್ಲಿ. ಅದನ್ನು ತಿದ್ದಿ 2017ರ ಫೆಬ್ರವರಿಯಲ್ಲಿ ಮತ್ತೆ ಮಾರಾಟಕ್ಕೆ ಬಿಡಲಾಯಿತು. ತೋಳು ಮುರಿಯದೆಯೂ ಡ್ರೋನು ಬೀಳಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಉಬ್ಬಿದ ಹಳೆಯ ಬ್ಯಾಟರಿ ಕೊಂಡಿಯೊಳಗೆ ಪೂರ್ತಿ ಕೂರುವುದಿಲ್ಲ, ಹಾಗಿದ್ದೂ ಒತ್ತಿ ತುರುಕಿ ಹಾರಿಸುವುದು ಅದೇ ಅಪಾಯವನ್ನು ಬರಮಾಡಿಕೊಂಡಂತೆ.

ದಣಿವು ನಿಜವಾಗಿ ದುಡಿಯುವ ಭಾಗ

ಇಡೀ ಡ್ರೋನಿನಲ್ಲಿ ದಣಿವಿನ ಹೆಸರಿಗೆ ತಕ್ಕ ಹೊರೆ ಹೊರುವುದು ಪ್ರೊಪೆಲ್ಲರ್. ಅರ್ಧ ಗ್ರಾಂ ತೂಕದ ಒಂದು ಎಲೆ (ಬ್ಲೇಡ್), ಅದರ ಭಾರ ಸರಾಸರಿ ಮೂರು ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಂಡು, ನಿಮಿಷಕ್ಕೆ 9,000 ಸುತ್ತಿನಲ್ಲಿ ಲೆಕ್ಕ ಹಾಕಿದರೆ ಅದರ ಬುಡವನ್ನು ಹೊರಕ್ಕೆ ಎಳೆಯುವ ಬಲ 13 ನ್ಯೂಟನ್ ದಾಟುತ್ತದೆ. ಅಂದರೆ ಅರ್ಧ ಗ್ರಾಮಿನ ಪ್ಲಾಸ್ಟಿಕ್ಕು ಒಂದೂಕಾಲು ಕಿಲೋಗಿಂತ ಹೆಚ್ಚಿನ ಭಾರವನ್ನು ತೂಗುತ್ತಿರುತ್ತದೆ. ಡ್ರೋನು ಮುಂದಕ್ಕೆ ಹಾರುವಾಗ ಎದುರು ಗಾಳಿಗೆ ಸಾಗುವ ಎಲೆಗೂ ಹಿಂದಕ್ಕೆ ಸಾಗುವ ಎಲೆಗೂ ಗಾಳಿಯ ವೇಗ ಬೇರೆಬೇರೆಯಾದ್ದರಿಂದ ಪ್ರತಿ ಸುತ್ತಿನಲ್ಲೂ ಎಲೆ ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ಬಾಗುತ್ತದೆ. ಹುಲ್ಲಿನ ಕಡ್ಡಿಯೋ ಮುರಕಲ್ಲಿನ ಪುಡಿಯೋ ಎಲೆಯ ಅಂಚಿನಲ್ಲಿ ಮಾಡಿದ ಸಣ್ಣ ಕಚ್ಚು ಆ ಬಾಗುವಿಕೆಗೆ ಬಿರುಕಿನ ಬೀಜವಾಗುತ್ತದೆ.

ಇಷ್ಟೆಲ್ಲ ಹೊರುವ ಭಾಗವೇ ಎಲ್ಲಕ್ಕಿಂತ ಅಗ್ಗದ್ದು, ಬದಲಾಯಿಸಲು ಸುಲಭವಾದದ್ದು. ಆದರೂ ಮದುವೆಯ ಸೀಸನ್ ಮುಗಿಯುವವರೆಗೆ ಅದೇ ಎಲೆಗಳನ್ನು ಓಡಿಸುವವರು ಬಹಳ. ಬದಲಾಯಿಸುವಾಗ ಜೋಡಿಯಾಗಿ ಬದಲಾಯಿಸಬೇಕು, ಹೊಸ ಎಲೆಯ ಪೊಟ್ಟಣದಲ್ಲಿ ಬರುವ ಹೊಸ ಸ್ಕ್ರೂವನ್ನೇ ಹಾಕಬೇಕು. ಒಂದು ಹೊಸದು, ಒಂದು ಹಳೆಯದು ಸೇರಿದರೆ ತೂಕ ಸರಿಹೊಂದದೆ ಕಂಪನ ಹೆಚ್ಚುತ್ತದೆ, ಆ ಕಂಪನ ಮತ್ತೆ ಮೋಟಾರಿನ ಸ್ಕ್ರೂಗಳಿಗೂ ಕೀಲಿಗೂ ಇಳಿಯುತ್ತದೆ.

ಮಳೆ, ಬಿಸಿಲು, ಉಪ್ಪುಗಾಳಿ

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಡ್ರೋನುಗಳು ಜೂನಿನಿಂದ ಸೆಪ್ಟೆಂಬರಿನವರೆಗೆ ಹೆಚ್ಚಾಗಿ ಚೀಲದಲ್ಲೇ ಇರುತ್ತವೆ. ತೇವದಿಂದ ತೋಳು ಕೊಳೆತು ಬಲಹೀನವಾಗುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಗಾಜಿನ ನಾರು ಬೆರೆಸಿದ ನೈಲಾನಿನ ಭಾಗಗಳು ಗಾಳಿಯ ತೇವವನ್ನು ಹೀರಿಕೊಂಡು ಬಿಗುವನ್ನು ಸಾಕಷ್ಟು ಕಳೆದುಕೊಳ್ಳುತ್ತವೆ ನಿಜ, ಆದರೆ ಅದರ ಜೊತೆಗೆ ಪೆಟ್ಟು ತಾಳುವ ಗುಣ ಹೆಚ್ಚುತ್ತದೆ. ಮಳೆಗಾಲದ ಕೊನೆಗೆ ತೋಳು ಮೊದಲಿಗಿಂತ ಮೆತ್ತಗೆ ಅನಿಸಿದರೆ ಅದು ಹಾಳಾಗಿದೆ ಎಂದೇ ಅರ್ಥವಲ್ಲ.

ಬಿಸಿಲು ಹಾಗಲ್ಲ. ನೇರಳಾತೀತ ಕಿರಣಗಳು ಪಾಲಿಕಾರ್ಬನೇಟಿನ ಮೇಲ್ಪದರವನ್ನು ಹಳದಿಯಾಗಿಸಿ, ಪೆಡಸಾಗಿಸುತ್ತವೆ. ಪೆಡಸಾದ ಪದರದಲ್ಲಿ ಹುಟ್ಟಿದ ಬಿರುಕು ಒಳಗಿನ ಒಳ್ಳೆಯ ಪ್ಲಾಸ್ಟಿಕ್ಕಿಗೂ ದಾಟಬಹುದು. ಉಪ್ಪುಗಾಳಿಯ ಕೆಲಸ ಇನ್ನೂ ಸುತ್ತುಬಳಸಿನದು. ಕಣ್ವತೀರ್ಥದ ಕಡಲತೀರದಲ್ಲಿ ಹಾರಿಸಿ ಹಾಗೆಯೇ ಚೀಲಕ್ಕೆ ಹಾಕಿದ ಡ್ರೋನಿನ ಮೋಟಾರಿನ ಬೇರಿಂಗಿಗೆ ಉಪ್ಪು ಸೇರಿ ತುಕ್ಕು ಹಿಡಿಯುತ್ತದೆ, ಬೇರಿಂಗು ಒರಟಾಗಿ ತಿರುಗುತ್ತದೆ, ಕಂಪನ ಹೆಚ್ಚುತ್ತದೆ, ತೋಳಿನ ಮೇಲಿನ ಏರಿಳಿತದ ಒತ್ತಡ ಬೆಳೆಯುತ್ತದೆ. ಚೌಕಟ್ಟು ದಣಿಯುವುದಕ್ಕೆ ಮೂಲ ಕಾರಣ ಚೌಕಟ್ಟಿನ ಹೊರಗೇ ಇರಬಹುದು.

ಕೈಯಲ್ಲಿ ಹಿಡಿದು ನೋಡಬೇಕಾದ್ದು

ಹಳೆಯ ಡ್ರೋನನ್ನು ಕೊಳ್ಳುವವರಾಗಲಿ, ತಮ್ಮದನ್ನೇ ಪರೀಕ್ಷಿಸುವವರಾಗಲಿ ಬ್ಯಾಟರಿ ತೆಗೆದು, ಒಂದು ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟುಕೊಂಡು ಕೀಲಿನ ಉಂಗುರವನ್ನು ಸುತ್ತ ನೋಡಬೇಕು. ನೇರ ಬೆಳಕಿನಲ್ಲಿ ಮರೆಯಾಗುವ ಗೀಟು ಓರೆ ಬೆಳಕಿನಲ್ಲಿ ನೆರಳಾಗಿ ಕಾಣುತ್ತದೆ. ಉಗುರಿನ ತುದಿಯನ್ನು ಗೀಟಿನ ಮೇಲೆ ಅಡ್ಡಲಾಗಿ ಎಳೆದಾಗ ಸಿಕ್ಕಿಕೊಂಡರೆ ಅದು ತಯಾರಿಕೆಯಲ್ಲೇ ಬಂದ ಅಚ್ಚಿನ ಗೆರೆಯಲ್ಲ, ಬಿರುಕು ಇರಬಹುದು. ಅಚ್ಚಿನ ಗೆರೆಯಾದರೆ ಎದುರು ಬದಿಯ ತೋಳಿನಲ್ಲೂ ಅದೇ ಜಾಗದಲ್ಲಿ ಇರುತ್ತದೆ. ಬೂದು ಪ್ಲಾಸ್ಟಿಕ್ಕಿನ ಸ್ಕ್ರೂ ಸುತ್ತ ಹಾಲಿನಂಥ ಬಿಳಿ ಮಚ್ಚೆ ಇದ್ದರೆ ಅಲ್ಲಿ ವಸ್ತು ತನ್ನ ಮಿತಿ ಮೀರಿ ಎಳೆಯಲ್ಪಟ್ಟಿದೆ ಎಂದು ತಿಳಿಯಬೇಕು. ನಾಲ್ಕೂ ತೋಳುಗಳನ್ನು ಒಂದೇ ಮೆಲುಬಲದಲ್ಲಿ ಅಲುಗಿಸಿ, ಒಂದು ಮಾತ್ರ ಉಳಿದವುಗಳಿಗಿಂತ ಹೆಚ್ಚು ಆಡುತ್ತದೆಯೇ ಎಂದು ನೋಡಬೇಕು. ಎಷ್ಟು ಬಳುಕುತ್ತದೆ ಎಂಬುದಕ್ಕಿಂತ ನಾಲ್ಕರ ನಡುವಿನ ವ್ಯತ್ಯಾಸವೇ ಹೆಚ್ಚು ಹೇಳುತ್ತದೆ.

ವಿಡಿಯೊ ಕೂಡ ಸಾಕ್ಷಿ ಹೇಳುತ್ತದೆ. ಬಿರುಕು ಬಿಟ್ಟ ತೋಳಿನ ಬಿಗುವು ಇಳಿಯುತ್ತದೆ, ಬಿಗುವು ಇಳಿದಾಗ ಅದರ ಸಹಜ ಕಂಪನದ ವೇಗವೂ ಇಳಿಯುತ್ತದೆ. ತಯಾರಕರು ಮೊದಲು ದೂರ ಇಟ್ಟಿದ್ದ ಆ ವೇಗ ಈಗ ಮೋಟಾರಿನ ವೇಗಕ್ಕೆ ಹತ್ತಿರವಾದರೆ ಅಡಗಿದ್ದ ನಡುಕ ಎದ್ದುಬರುತ್ತದೆ. ಕ್ಯಾಮೆರಾ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಈ ನಡುಕ ದೃಶ್ಯದಲ್ಲಿ ಅಲೆಯಂತೆ ತೇಲುತ್ತದೆ. ಹೊಸ ಪ್ರೊಪೆಲ್ಲರ್ ಹಾಕಿ, ಗಿಂಬಲಿನ ರಬ್ಬರುಗಳು ಹರಿದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೂ ಅಲೆ ಉಳಿದರೆ, ಎಡಿಟಿಂಗಿನಲ್ಲಿ ಅದನ್ನು ಅಳಿಸಿ ಮುಂದೆ ಹೋಗುವುದು ತಪ್ಪು.

ಕಾನೂನು ನೋಡುವುದೂ ನೋಡದಿರುವುದೂ

2021ರ ಆಗಸ್ಟ್ 25ರಂದು ಜಾರಿಗೆ ಬಂದ ಡ್ರೋನ್ ನಿಯಮಗಳು ಇಡೀ ದೇಶಕ್ಕೆ ಒಂದೇ. ತಲಪಾಡಿಯ ಗಡಿ ದಾಟಿದರೂ ಬದಲಾಗುವುದಿಲ್ಲ. ಅವು ಡ್ರೋನನ್ನು ತೂಕದಿಂದ ವಿಂಗಡಿಸುತ್ತವೆ. 250 ಗ್ರಾಂವರೆಗಿನದು ನ್ಯಾನೊ, ಅಲ್ಲಿಂದ 2 ಕಿಲೋವರೆಗೆ ಮೈಕ್ರೊ. ನ್ಯಾನೊ ಡ್ರೋನಿಗೆ ಮಾದರಿ ಪ್ರಮಾಣಪತ್ರ ಬೇಡ, ಮೂರನೆಯವರ ವಿಮೆಯೂ ಕಡ್ಡಾಯವಲ್ಲ. ಹೊಡೆತದ ಶಕ್ತಿ ತೂಕಕ್ಕೆ ತಕ್ಕಂತೆ ಇರುವುದರಿಂದ ಈ ವಿನಾಯಿತಿಯಲ್ಲಿ ಅರ್ಥವಿದೆ. 249 ಗ್ರಾಮಿನ ಮಾದರಿಗಳು 2019ರಿಂದ ಜನಪ್ರಿಯವಾಗಿದ್ದೂ ಬೇರೆಬೇರೆ ದೇಶಗಳ ಇಂಥ ಮಿತಿಗಳ ಕಾರಣಕ್ಕೇ. ಆದರೆ ಆ ಒಂದು ಗ್ರಾಮಿನ ಅಂಚಿಗಾಗಿ ತಯಾರಕರು ತೋಳಿನ ಗೋಡೆಯನ್ನೂ ಕೀಲಿನ ಉಂಗುರವನ್ನೂ ಸಾಧ್ಯವಾದಷ್ಟು ತೆಳ್ಳಗೆ ಮಾಡುತ್ತಾರೆ. ಕಾನೂನಿನ ತೂಕದ ಗೆರೆಯೇ ವಿನ್ಯಾಸದಲ್ಲಿ ಉಳಿಯುವ ಅಂತರವನ್ನು ಕಡಿಮೆ ಮಾಡಿದೆ.

ಮಾದರಿ ಪ್ರಮಾಣಪತ್ರವನ್ನು ನ್ಯಾನೊ ಡ್ರೋನಿಗೂ ಕಡ್ಡಾಯ ಮಾಡಿದರೆ ಸಮಸ್ಯೆ ಬಗೆಹರಿಯುತ್ತದೆ ಎನ್ನುವವರಿದ್ದಾರೆ. ಮೇಲಿನ ಲೆಕ್ಕವನ್ನು ನೋಡಿದರೆ ಅದು ಹಾಗಲ್ಲ ಎಂದು ತಿಳಿಯುತ್ತದೆ. ಪ್ರಮಾಣಪತ್ರವು ಕಾರ್ಖಾನೆಯಿಂದ ಬಂದ ಹೊಸ ಯಂತ್ರದ ಮಾದರಿಯನ್ನು ಪರೀಕ್ಷಿಸುತ್ತದೆ, ಹೊಸ ತೋಳು ಆ ಪರೀಕ್ಷೆಯಲ್ಲಿ ಸಲೀಸಾಗಿ ಗೆಲ್ಲುತ್ತದೆ. ಐದನೆಯ ವರ್ಷದಲ್ಲಿ, ಮೂರನೆಯ ಮಾಲೀಕನ ಕೈಯಲ್ಲಿ, ಎರಡು ಸಲ ಬೆಸುಗೆಯಾದ ತಂತಿಯೊಂದಿಗೆ ಹಾರುವ ನಿರ್ದಿಷ್ಟ ಡ್ರೋನಿನ ಸ್ಥಿತಿ ಅದರಲ್ಲಿ ಕಾಣುವುದಿಲ್ಲ. ಇತ್ತ, ಪುಟ್ಟ ಡ್ರೋನಿಗೆ ಯಾವ ಪರೀಕ್ಷೆಯೂ ಬೇಡ ಎಂಬ ವಾದವೂ ಅರ್ಧ ಮಾತ್ರ ಸರಿ. ಅರವತ್ತು ಮೀಟರ್ ಎತ್ತರದಿಂದ ಬೀಳುವ ಕಾಲು ಕಿಲೋ ವಸ್ತು, ಗಾಳಿಯ ತಡೆಯಿದ್ದರೂ, ಮದುವೆ ಚಪ್ಪರದ ಕೆಳಗೆ ಕುಳಿತವರಿಗೆ ಆಟಿಕೆಯಲ್ಲ.

ಮುಂದಿನ ದಿನಗಳು

ತೆರಿಗೆ ಇಳಿದುದರಿಂದ ದೇಶದೊಳಗೆ ತಯಾರಾದ ಹೊಸ ಡ್ರೋನುಗಳು ಕೈಗೆಟಕುವಂತಾದರೆ, ಹಳೆಯವು ಇನ್ನೂ ಅಗ್ಗವಾಗಿ, ಮೊದಲ ಸಲ ಹಾರಿಸುವ ಹುಡುಗರ ಕೈಗೆ ಸೇರುವ ಸಾಧ್ಯತೆ ಹೆಚ್ಚು. ಅನುಭವಿ ಚಿತ್ರಗ್ರಾಹಕ ಶಬ್ದದಲ್ಲೇ ಗುರುತಿಸುವ ಬೇರಿಂಗಿನ ಒರಟುತನ ಹೊಸಬರಿಗೆ ಗೊತ್ತಾಗುವುದಿಲ್ಲ. ಬಿಡಿಭಾಗಗಳ ಆಮದು ಮುಕ್ತವಾಗಿರುವುದರಿಂದ ತೋಳು, ಹೊದಿಕೆ ಸಿಗುತ್ತಲೇ ಇರುತ್ತವೆ, ಅವು ಮೂಲ ಕಂಪನಿಯದೋ ಯಾವ ಪ್ಲಾಸ್ಟಿಕ್ಕಿನದೋ ಎಂದು ಹೊರಗಿನಿಂದ ಹೇಳಲಾಗದು. ಮಸೂದೆ ಬಿಗಿಯಾದರೆ ಕೆಲವರು ನೋಂದಣಿಯಿಲ್ಲದೆ ಕದ್ದು ಹಾರಿಸತೊಡಗುವ ಅಪಾಯವೂ ಇದೆ, ಆಗ ದುರಸ್ತಿಯೂ ಕಣ್ಮರೆಯಲ್ಲೇ ನಡೆಯುತ್ತದೆ.

ಇದಕ್ಕೆ ಹೊಸ ದೊಡ್ಡ ವ್ಯವಸ್ಥೆಯೇನೂ ಬೇಕಾಗಿಲ್ಲ. ಡ್ರೋನು ಒಬ್ಬರಿಂದ ಒಬ್ಬರಿಗೆ ಮಾರಾಟವಾದಾಗ ನೋಂದಣಿಯಲ್ಲಿ ಸಿಕ್ಕ ವಿಶಿಷ್ಟ ಗುರುತು ಸಂಖ್ಯೆಯನ್ನು ಹೊಸ ಮಾಲೀಕರ ಹೆಸರಿಗೆ ವರ್ಗಾಯಿಸಬೇಕೆಂದು ಈಗಿನ ನಿಯಮದಲ್ಲೇ ಇದೆ. ಆ ಅರ್ಜಿಯಲ್ಲಿ ಎಷ್ಟು ಗಂಟೆ ಹಾರಿದೆ, ಎಷ್ಟು ಸಲ ಬಿದ್ದಿದೆ, ಯಾವ ತೋಳು ಯಾವಾಗ ಬದಲಾಗಿದೆ, ತಂತಿಗೆ ಬೆಸುಗೆ ಹಾಕಲಾಗಿದೆಯೇ ಎಂಬ ನಾಲ್ಕು ಸಾಲು ಸೇರಿಸಿದರೆ ಸಾಕು. ಹಾರಿದ ಗಂಟೆಯ ಲೆಕ್ಕ ಸಾಮಾನ್ಯವಾಗಿ ಹಾರಿಸುವ ಆ್ಯಪಿನಲ್ಲೇ ದಾಖಲಾಗಿರುತ್ತದೆ, ಮಾರುವವರು ಅದನ್ನು ಕೊಳ್ಳುವವರಿಗೆ ತೋರಿಸಲು ಇಂದೂ ಯಾವ ಕಾನೂನೂ ಅಡ್ಡಿಯಿಲ್ಲ. ನಿಯಮ ಬರುವವರೆಗೆ ಕಾಯದೆ, ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಹಳೆಯ ಡ್ರೋನು ಕೊಳ್ಳಲು ಹೊರಟವರು ಬೆಲೆಯ ಮಾತಿಗೆ ಮೊದಲು ಆ ದಾಖಲೆಯನ್ನು ಕೇಳಬೇಕು. ತೋರಿಸಲು ಒಪ್ಪದವರಿಂದ ಕೊಳ್ಳಬಾರದು.